ಅರ್ಹತಾ ಪರೀಕ್ಷೆಯ ಅಕ್ರಮ ಮತ್ತು ಉಳಿಯದ ದಾಖಲೆ

ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಕೇಳಿದಾಗ, ಶಾಲೆಯ ಏಳಿಗೆಯನ್ನು ಕುರಿತೋ ಗುರುಶಿಷ್ಯ ಸಂಬಂಧವನ್ನು ಕುರಿತೋ ನಾಲ್ಕು ಮಾತು ಬರೆದು ಒಪ್ಪಿಸಬಹುದಾಗಿತ್ತು. ಅಂಥ ಲೇಖನಗಳು ಇಂಥ ಸಂಚಿಕೆಗಳಲ್ಲಿ ಇದ್ದೇ ಇರುತ್ತವೆ, ಇರಲೂ ಬೇಕು. ಆದರೆ ಕೆಲವು ವರ್ಷಗಳಿಂದ ನನ್ನ ಮನಸ್ಸನ್ನು ಕೊರೆಯುತ್ತಿರುವ ವಿಷಯ ಬೇರೆಯದು. ಉಪಾಧ್ಯಾಯರಾಗಬಯಸುವವರು ಬರೆಯುವ ಅರ್ಹತಾ ಪರೀಕ್ಷೆಯಲ್ಲಿ ಅಕ್ರಮ ನಡೆದಾಗ ಅದರ ದಂಡವನ್ನು ತೆರುವವರು ಯಾರು ಎಂಬ ಪ್ರಶ್ನೆ ಅದು. ಅಕ್ರಮವೆಸಗಿದವರೇ ತೆರುತ್ತಾರೆಂದು ನಾನೂ ಒಂದು ಕಾಲದಲ್ಲಿ ನಂಬಿದ್ದೆ.

ಹಿನ್ನೆಲೆಯನ್ನು ಸಂಕ್ಷೇಪವಾಗಿ ಹೇಳುವುದಾದರೆ, 2009ರ ಶಿಕ್ಷಣ ಹಕ್ಕು ಕಾಯಿದೆಯ ಮೇರೆಗೆ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು 2010ರ ಆಗಸ್ಟ್ 23ರಂದು ಅಧಿಸೂಚನೆ ಹೊರಡಿಸಿ, ಒಂದರಿಂದ ಎಂಟನೆಯ ತರಗತಿಯವರೆಗೆ ಬೋಧಿಸುವವರಿಗೆ ಶಿಕ್ಷಕರ ಅರ್ಹತಾ ಪರೀಕ್ಷೆಯನ್ನು ಅವಶ್ಯಕಗೊಳಿಸಿತು. ಪರೀಕ್ಷೆ ನೂರೈವತ್ತು ಅಂಕಗಳದು. ತೇರ್ಗಡೆಗೆ ಶೇಕಡಾ ಅರವತ್ತು ಬೇಕು, ಕೆಲವು ವರ್ಗಗಳಿಗೆ ಸ್ವಲ್ಪ ವಿನಾಯಿತಿಯುಂಟು. ಡಿ.ಎಡ್., ಬಿ.ಎಡ್. ಮುಗಿಸಿದ ಹೊಸಬರ ತಾಪತ್ರಯವಿದು ಎಂದು ಹಳಬರು ನಿಶ್ಚಿಂತರಾಗಿದ್ದರು. 2025ರ ಸೆಪ್ಟೆಂಬರ್ 1ರಂದು ಸರ್ವೋಚ್ಚ ನ್ಯಾಯಾಲಯವು ಆ ನಿಶ್ಚಿಂತೆಯನ್ನು ಕಳೆಯಿತು. ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಸೇವಾವಧಿ ಉಳಿದಿರುವ ಹಳೆಯ ಉಪಾಧ್ಯಾಯರೂ ಎರಡು ವರ್ಷದೊಳಗೆ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗತಕ್ಕದ್ದು ಎಂದು ಅದು ತೀರ್ಪಿತ್ತಿತು. ಆ ತೀರ್ಪಿನ ಮರುಪರಿಶೀಲನೆ ಕೋರಿ ಅರ್ಜಿಗಳೂ ಸಲ್ಲಿಕೆಯಾದವು. ಅದರ ಪರಿಣಾಮ ಏನೇ ಇರಲಿ, ಇಪ್ಪತ್ತು ವರ್ಷ ಕೊಠಡಿ ಮೇಲ್ವಿಚಾರಕರಾಗಿ ಸಾಲುಗಳ ನಡುವೆ ಓಡಾಡಿದ ನಮ್ಮ ಅನೇಕ ಸಹೋದ್ಯೋಗಿಗಳು ಡೆಸ್ಕಿನ ಆಚೆ ಅಭ್ಯರ್ಥಿಗಳಾಗಿ ಕುಳಿತುಕೊಳ್ಳುವ ಪ್ರಸಂಗ ಬಂದಿತು. ಆದುದರಿಂದ ಈ ವಿಷಯ ಯಾರಿಗೂ ದೂರದ್ದಲ್ಲ.

ನಿಯಮಭಂಗವೆಂಬ ಒಂದೇ ಮಾತಿನೊಳಗೆ ನಾವು ಎರಡು ಬೇರೆ ಬೇರೆ ಸಂಗತಿಗಳನ್ನು ತುಂಬಿಟ್ಟಿದ್ದೇವೆ. ಒಂದು ವಂಚನೆ, ಇನ್ನೊಂದು ಅಚಾತುರ್ಯ. ಪ್ರಶ್ನೆಪತ್ರಿಕೆಯನ್ನು ಹಣಕ್ಕೆ ಮಾರುವುದು ವಂಚನೆ. ಓ.ಎಂ.ಆರ್. ಉತ್ತರ ಹಾಳೆಯಲ್ಲಿ ಪತ್ರಿಕೆಯ ಶ್ರೇಣಿಯನ್ನು ಸೂಚಿಸುವ ವೃತ್ತವನ್ನು ತುಂಬಲು ಮರೆಯುವುದು ಅಚಾತುರ್ಯ. 2022ರ ನವೆಂಬರಿನಲ್ಲಿ ಶಿವಮೊಗ್ಗದಲ್ಲಿ ನಮ್ಮ ರಾಜ್ಯದ ಅರ್ಹತಾ ಪರೀಕ್ಷೆಯ ಪ್ರವೇಶಪತ್ರವೊಂದರ ಮೇಲೆ ಅಭ್ಯರ್ಥಿಯ ಬದಲು ಚಲನಚಿತ್ರ ನಟಿಯೊಬ್ಬರ ಭಾವಚಿತ್ರ ಅಚ್ಚಾಗಿ ಬಂದುದು ಪತ್ರಿಕೆಗಳಲ್ಲಿ ಪ್ರಕಟವಾಗಿ ನಾಡೆಲ್ಲ ನಕ್ಕಿತು. ಅರ್ಜಿಯನ್ನು ಬೇರೆಯವರಿಂದ ತುಂಬಿಸಿದ್ದೆಂದು ಆ ಅಭ್ಯರ್ಥಿ ಹೇಳಿದರಂತೆ. ನಗಬಹುದು, ಆದರೆ ಸ್ವತಃ ಗಣಕಯಂತ್ರದ ಮುಂದೆ ಕುಳಿತು ಅರ್ಜಿ ತುಂಬಲಾರದ ಎಷ್ಟು ಜನ ನಮ್ಮ ಊರುಗಳಲ್ಲಿ ಸೈಬರ್ ಅಂಗಡಿಯ ಹುಡುಗನ ಕೈಗೆ ತಮ್ಮ ಭವಿಷ್ಯವನ್ನು ಒಪ್ಪಿಸಿ ಬರುತ್ತಾರೆಂಬುದನ್ನು ಬಲ್ಲವರಿಗೆ ನಗು ಅರ್ಧಕ್ಕೇ ನಿಲ್ಲುತ್ತದೆ.

ಅಚಾತುರ್ಯವು ತಪ್ಪದೆ ಸಿಕ್ಕಿಬೀಳುತ್ತದೆ. ವಂಚನೆ ಹಾಗಲ್ಲ. 2021ರ ಸೆಪ್ಟೆಂಬರ್ 26ರಂದು ರಾಜಸ್ಥಾನದಲ್ಲಿ ನಡೆದ ಶಿಕ್ಷಕರ ಅರ್ಹತಾ ಪರೀಕ್ಷೆಯನ್ನು ನೆನೆಯಿರಿ. ಹದಿನಾರು ಲಕ್ಷಕ್ಕೂ ಹೆಚ್ಚು ಜನ ಅರ್ಜಿ ಹಾಕಿದ್ದರು. ಅಕ್ರಮ ತಡೆಯಲೆಂದು ಜಿಲ್ಲೆ ಜಿಲ್ಲೆಗಳಲ್ಲಿ ಅಂತರಜಾಲವನ್ನು ಸ್ಥಗಿತಗೊಳಿಸಿದರು. ಉದ್ದ ತೋಳಿನ ಉಡುಪು ತೊಟ್ಟು ಬಂದ ಹೆಣ್ಣುಮಕ್ಕಳ ತೋಳನ್ನು ಕೇಂದ್ರದ ಬಾಗಿಲಲ್ಲೇ ಕತ್ತರಿಯಿಂದ ಕತ್ತರಿಸಿದರು. ಬಿಕಾನೇರಿನಲ್ಲಿ ಅಟ್ಟೆಯೊಳಗೆ ಬ್ಲೂಟೂತ್ ಯಂತ್ರವನ್ನು ಅಡಗಿಸಿದ ಚಪ್ಪಲಿಗಳು ಸಿಕ್ಕವು. ಆ ಚಪ್ಪಲಿಗೆ ಲಕ್ಷಾಂತರ ರೂಪಾಯಿ ಬೆಲೆಯೆಂದು ಓದಿ ನಾವೆಲ್ಲ ಬೆರಗಾದೆವು. ಇಷ್ಟೆಲ್ಲ ತಪಾಸಣೆ ಬಾಗಿಲಲ್ಲಿ ನಡೆದಿತ್ತು. ಪ್ರಶ್ನೆಪತ್ರಿಕೆಯಾದರೋ ಪರೀಕ್ಷೆಗೆ ಮೊದಲೇ ಜಯಪುರದ ಶಿಕ್ಷಾ ಸಂಕುಲದಿಂದ, ಅಂದರೆ ಶಿಕ್ಷಣ ಇಲಾಖೆಯ ಆವರಣದಿಂದಲೇ, ಹೊರಬಿದ್ದಿತ್ತೆಂದು ತನಿಖೆಯಿಂದ ತಿಳಿದುಬಂದಿತು. ಪರೀಕ್ಷಾ ಮಂಡಳಿಯ ಅಧ್ಯಕ್ಷರನ್ನು ಸರ್ಕಾರ ವಜಾ ಮಾಡಿತು. ಆರರಿಂದ ಎಂಟನೆಯ ತರಗತಿಗೆ ಸಂಬಂಧಿಸಿದ ಪರೀಕ್ಷೆಯನ್ನು 2022ರ ಫೆಬ್ರವರಿಯಲ್ಲಿ ರದ್ದುಪಡಿಸಿ, ಒಂದರಿಂದ ಐದನೆಯ ತರಗತಿಯದನ್ನು ಉಳಿಸಿಕೊಂಡರು. ಪರೀಕ್ಷೆ ಬರೆದು, ತೇರ್ಗಡೆಯಾಗಿ, ಊರಲ್ಲಿ ಸಿಹಿ ಹಂಚಿದ ಮೇಲೆ ಆ ಫಲಿತಾಂಶವೇ ಇಲ್ಲವಾದರೆ ಪ್ರಾಮಾಣಿಕನ ಮನಸ್ಥಿತಿ ಹೇಗಿದ್ದೀತು?

ಇದಕ್ಕಿಂತ ಉತ್ತರ ಪ್ರದೇಶದವರು ಮಾಡಿದ್ದು ಮೇಲು. 2021ರ ನವೆಂಬರ್ 28ರಂದು ಅಲ್ಲಿನ ಅರ್ಹತಾ ಪರೀಕ್ಷೆಯ ಪ್ರಶ್ನೆಗಳು ಮೊಬೈಲುಗಳಲ್ಲಿ ಹರಿದಾಡಿದುದು ಗೊತ್ತಾದೊಡನೆ ಅದೇ ದಿನ ರದ್ದು ಮಾಡಿದರು. ಮತ್ತೆ ಶುಲ್ಕ ಕೇಳದೆ, ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣದ ಸೌಕರ್ಯವನ್ನೂ ಘೋಷಿಸಿ, 2022ರ ಜನವರಿ 23ರಂದು ಮರುಪರೀಕ್ಷೆ ನಡೆಸಿದರು. ನಷ್ಟವಾಯಿತು, ನಿಜ; ಎರಡು ತಿಂಗಳ ನಷ್ಟ.

ಇನ್ನು ಸಾರಾಸಗಟಾಗಿ ರದ್ದು ಮಾಡದೆ ತಪ್ಪಿತಸ್ಥರನ್ನಷ್ಟೇ ಬೇರ್ಪಡಿಸಲು ಸಾಧ್ಯವೆ ಎಂದರೆ, ಸಾಧ್ಯವೆಂಬುದಕ್ಕೆ ಮಹಾರಾಷ್ಟ್ರ ಸಾಕ್ಷಿ. ಅಲ್ಲಿಯ 2019ರ ಸಾಲಿನ ಅರ್ಹತಾ ಪರೀಕ್ಷೆಯಲ್ಲಿ ಅನುತ್ತೀರ್ಣರನ್ನು ಹಣ ಪಡೆದು ಉತ್ತೀರ್ಣರೆಂದು ತೋರಿಸಿದ ಹಗರಣವನ್ನು ಪುಣೆಯ ಪೊಲೀಸರು 2021ರ ಡಿಸೆಂಬರಿನಲ್ಲಿ ಹೊರಗೆಳೆದರು. ಪರೀಕ್ಷಾ ಪರಿಷತ್ತಿನ ಆಯುಕ್ತರೇ ಬಂಧನಕ್ಕೊಳಗಾದರು. ಉತ್ತರ ಹಾಳೆಗಳ ಅಂಕಗಳನ್ನೂ ಪ್ರಕಟಿತ ಫಲಿತಾಂಶವನ್ನೂ ತಾಳೆ ನೋಡಿ ಏಳು ಸಾವಿರದ ಎಂಟುನೂರಕ್ಕೂ ಹೆಚ್ಚು ಮಂದಿಯನ್ನು ಗುರುತಿಸಿ, ಅವರ ಫಲಿತಾಂಶವನ್ನು 2022ರಲ್ಲಿ ರದ್ದುಗೊಳಿಸಲಾಯಿತು. ಉಳಿದವರ ಪ್ರಮಾಣಪತ್ರ ಉಳಿಯಿತು. ತಾಳೆ ನೋಡಲು ಅಲ್ಲಿ ಏನಾದರೂ ಇತ್ತು ಎಂಬುದನ್ನು ಓದುಗರು ಗಮನಿಸಬೇಕು.

ಪಶ್ಚಿಮ ಬಂಗಾಳದಲ್ಲಿ ಅದು ಇರಲಿಲ್ಲ. ಅಲ್ಲಿಯ ಪ್ರಕರಣ ಅರ್ಹತಾ ಪರೀಕ್ಷೆಯದಲ್ಲ, 2016ರ ನೇಮಕಾತಿ ಪರೀಕ್ಷೆಯದು. ಆದರೂ ಇಲ್ಲಿ ಹೇಳದೆ ಗತಿಯಿಲ್ಲ. ಶಾಲಾ ಸೇವಾ ಆಯೋಗದ ಆ ನೇಮಕಾತಿಯಲ್ಲಿ ಖಾಲಿ ಹಾಳೆ ಕೊಟ್ಟವರಿಗೂ ಕೆಲಸ ಸಿಕ್ಕಿತ್ತೆಂಬ ದೂರು ನ್ಯಾಯಾಲಯಕ್ಕೆ ಹೋಯಿತು. ಆ ಹೊತ್ತಿಗೆ ಮೂಲ ಉತ್ತರ ಹಾಳೆಗಳನ್ನು ನಾಶಪಡಿಸಿಯಾಗಿತ್ತು. ಆಯೋಗದ ಬಳಿ ನಂಬತಕ್ಕ ಪ್ರತಿಬಿಂಬವೂ ಇರಲಿಲ್ಲ. 2024ರ ಏಪ್ರಿಲ್ 22ರಂದು ಕಲಕತ್ತಾ ಉಚ್ಚ ನ್ಯಾಯಾಲಯವು ಉಪಾಧ್ಯಾಯರೂ ಇತರ ಸಿಬ್ಬಂದಿಯೂ ಸೇರಿ 25,753 ನೇಮಕಗಳನ್ನು ರದ್ದುಪಡಿಸಿತು. 2025ರ ಏಪ್ರಿಲ್ 3ರಂದು ಸರ್ವೋಚ್ಚ ನ್ಯಾಯಾಲಯ ಅದನ್ನೇ ಎತ್ತಿಹಿಡಿಯಿತು. ಕಳಂಕಿತರೆಂದು ಆಯೋಗ ಕಡೆಗೆ ಹೆಸರಿಸಿ ಪ್ರಕಟಿಸಿದ ಉಪಾಧ್ಯಾಯರ ಪಟ್ಟಿಯಲ್ಲಿ ಇದ್ದವರು ಸಾವಿರದ ಎಂಟುನೂರಕ್ಕೂ ಸ್ವಲ್ಪ ಹೆಚ್ಚು. ಉಳಿದ ಸಾವಿರಾರು ಉಪಾಧ್ಯಾಯರು ತಮ್ಮ ಮೇಲೆ ಆರೋಪವಿಲ್ಲದೆಯೂ, ಏಳೆಂಟು ವರ್ಷ ಪಾಠ ಹೇಳಿದ ಮೇಲೆ, ಮತ್ತೆ ಪರೀಕ್ಷೆಗೆ ಕುಳಿತುಕೊಳ್ಳಬೇಕಾಯಿತು. ಮಕ್ಕಳ ಓದಿಗೆ ತೊಂದರೆಯಾಗದಿರಲೆಂದು ಕೆಲವು ಕಾಲ ಮುಂದುವರಿಯಲು ಅವರಿಗೆ ಅನುಮತಿ ದೊರೆಯಿತೆಂಬುದಷ್ಟೇ ಸಮಾಧಾನ.

ನ್ಯಾಯಾಲಯವನ್ನು ದೂರುವವರನ್ನು ನಾನು ಕೇಳಿದ್ದೇನೆ. ನನ್ನ ಅಭಿಪ್ರಾಯ ಹಾಗಿಲ್ಲ. ಕಾಳನ್ನೂ ಜೊಳ್ಳನ್ನೂ ಬೇರ್ಪಡಿಸುವ ಮೊರವನ್ನೇ ಸುಟ್ಟುಹಾಕಿದ ಮೇಲೆ ರಾಶಿಯನ್ನೆಲ್ಲ ಚೆಲ್ಲದೆ ಇನ್ನೇನು ಮಾಡಲಾದೀತು? ಇಂಥ ಪ್ರಕರಣಗಳಲ್ಲಿ ದೊಡ್ಡ ನಿಯಮಭಂಗವೆಂದರೆ ದಾಖಲೆಯನ್ನು ಉಳಿಸದಿರುವುದು. ಅದಕ್ಕೆ ನಮ್ಮಲ್ಲಿ ತಕ್ಕ ಶಿಕ್ಷೆಯೂ ಇಲ್ಲ, ಅದನ್ನು ಯಾರೂ ಅಕ್ರಮವೆಂದು ಕರೆಯುವುದೂ ಇಲ್ಲ.

ಕಾನೂನಿನ ಹಳೆಯ ಎರಡು ತೀರ್ಪುಗಳನ್ನು ಇಲ್ಲಿ ಸ್ಮರಿಸುವುದು ಉಚಿತ. 1962ರಲ್ಲಿ ಉತ್ತರ ಪ್ರದೇಶದ ಪರೀಕ್ಷಾ ಮಂಡಳಿಯೊಂದರ ಮೊಕದ್ದಮೆಯಲ್ಲಿ, ವ್ಯಕ್ತಿಯೊಬ್ಬನ ಮೇಲೆ ನಕಲಿನ ಆರೋಪ ಹೊರಿಸಿ ಅವನ ಫಲಿತಾಂಶವನ್ನು ರದ್ದು ಮಾಡುವ ಮೊದಲು ಅವನ ಅಹವಾಲನ್ನು ಕೇಳಲೇಬೇಕು ಎಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. 1970ರಲ್ಲಿ ಬಿಹಾರದ ಶಾಲಾ ಪರೀಕ್ಷಾ ಮಂಡಳಿಯ ಮೊಕದ್ದಮೆಯಲ್ಲಿ, ಕೇಂದ್ರವೊಂದರ ಇಡೀ ಪರೀಕ್ಷೆಯೇ ಕೆಟ್ಟಿದ್ದರೆ ಅದನ್ನು ರದ್ದುಪಡಿಸಲು ಪ್ರತಿಯೊಬ್ಬನನ್ನೂ ಕರೆದು ವಿಚಾರಿಸಬೇಕಾಗಿಲ್ಲ ಎಂದಿತು. ಎರಡೂ ಸರಿಯೇ. ಆದರೆ ಇವೆರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದು ಅಪಾಯ ಕಾಣುತ್ತದೆ. ಒಬ್ಬನ ತಪ್ಪನ್ನು ಸಿದ್ಧಪಡಿಸಬೇಕಾದರೆ ಪುರಾವೆ ಬೇಕು, ವಿಚಾರಣೆ ಬೇಕು, ಸಾಕ್ಷಿ ಬೇಕು. ಎಲ್ಲರದನ್ನೂ ರದ್ದು ಮಾಡಲು ಇದಾವುದೂ ಅಷ್ಟಾಗಿ ಬೇಡ. ದಾಖಲೆಯಲ್ಲಿ ಸೋಮಾರಿಯಾದ ಪ್ರಾಧಿಕಾರಕ್ಕೆ ಎರಡನೆಯ ದಾರಿ ತಾನಾಗಿಯೇ ಸುಲಭವಾಗುತ್ತದೆ.

ದಾಖಲೆಯೆಂದಾಗ ಆಯೋಗ, ಮಂಡಳಿಗಳನ್ನಷ್ಟೇ ಬೆರಳುಮಾಡಿ ತೋರಿಸಿ ನಾನು ಜಾರಿಕೊಳ್ಳುವಂತಿಲ್ಲ. ಮೊದಲ ದಾಖಲೆ ಬರೆಯುವವನು ಕೊಠಡಿ ಮೇಲ್ವಿಚಾರಕ. ನಾನು ನಿವೃತ್ತನಾಗುವುದಕ್ಕೆ ಕೆಲವು ವರ್ಷ ಮೊದಲು ಬೇರೊಂದು ಊರಿನ ಕೇಂದ್ರಕ್ಕೆ ಅರ್ಹತಾ ಪರೀಕ್ಷೆಯ ಮೇಲ್ವಿಚಾರಣೆಗೆ ಹೋಗಿದ್ದೆ. ಪರೀಕ್ಷೆ ಆರಂಭವಾಗಿ ಅರ್ಧ ಗಂಟೆಯಾಗಿರಬಹುದು. ಸುಮಾರು ಮೂವತ್ತರ ವಯಸ್ಸಿನ ಹೆಣ್ಣುಮಗಳೊಬ್ಬಳು ಕರವಸ್ತ್ರ ತೆಗೆಯುವಾಗ ಮಡಚಿದ ಚೀಟಿಯೊಂದು ಕೆಳಗೆ ಬಿತ್ತು. ಎತ್ತಿಕೊಂಡೆ. ಅಂಕಿಗಳೂ ಒಂದೆರಡು ಅಕ್ಷರಗಳೂ ಇದ್ದವು. ‘ಸರ್, ಕೂಸಿನ ಔಷಧದ ಹೊತ್ತು ಬರೆದದ್ದರಿ, ಹೊರಗ ನಮ್ಮ ಅತ್ತಿ ಕೈಯಾಗ ಕೊಡೋದು ಮರತೆ’ ಎಂದಳು. ನಾನು ನಂಬಿದೆನೋ ಇಲ್ಲವೋ ಈಗ ಹೇಳಲಾರೆ. ನಿಯಮ ನಿಯಮವೇ ಎಂದುಕೊಂಡು ವರದಿ ಪುಸ್ತಕದಲ್ಲಿ ಅವಳ ನೋಂದಣಿ ಸಂಖ್ಯೆಯ ಮುಂದೆ ‘ಚೀಟಿ ದೊರೆತಿದೆ’ ಎಂದು ಎರಡೇ ಮಾತು ಬರೆದು ಸಹಿ ಹಾಕಿದೆ. ಚೀಟಿಯನ್ನು ಮೇಜಿನ ಮೇಲಿಟ್ಟೆ. ಅದನ್ನು ವರದಿಗೆ ಅಂಟಿಸಲಿಲ್ಲ, ಅವಳ ಹೇಳಿಕೆ ಪಡೆಯಲಿಲ್ಲ, ವೇಳೆ ನಮೂದಿಸಲಿಲ್ಲ. ಸಂಜೆ ಕೊಠಡಿ ಗುಡಿಸಿದವರ ಕೈಯಲ್ಲಿ ಚೀಟಿ ಹೋಗಿರಬೇಕು.

ಐದಾರು ತಿಂಗಳ ಮೇಲೆ ತಂದೆಯನ್ನು ಕರೆದುಕೊಂಡು ಅವಳು ನನ್ನ ಮನೆಯನ್ನು ಹುಡುಕಿಕೊಂಡು ಬಂದಳು. ಫಲಿತಾಂಶವನ್ನು ತಡೆಹಿಡಿದಿದ್ದರು. ‘ಆ ಚೀಟಿಯಾಗ ಏನಿತ್ತು ಅಂತ ನೀವೊಂದು ಬರಕೊಡ್ರಿ ಸರ್’ ಎಂದು ಕೇಳಿದಳು. ಜಗಳವಾಡಲಿಲ್ಲ, ಅಳಲಿಲ್ಲ. ಬರೆದುಕೊಟ್ಟೆ. ಆದರೆ ಮೂಲ ವರದಿಯಲ್ಲಿಲ್ಲದ ವಿವರವನ್ನು ಆಮೇಲೆ ಬರೆದ ಪತ್ರಕ್ಕೆ ಎಷ್ಟು ಬೆಲೆ? ಆ ಸಾಲಿನ ನೇಮಕಾತಿಯ ಗಡುವು ಅಷ್ಟರಲ್ಲಿ ಮುಗಿದಿತ್ತು. ಅವಳು ನಕಲು ಮಾಡಲು ಬಂದವಳೇ ಆಗಿದ್ದರೂ ನನ್ನ ಎರಡು ಮಾತಿನ ವರದಿ ಅದನ್ನು ಸಿದ್ಧಪಡಿಸುತ್ತಿರಲಿಲ್ಲ. ನಿರಪರಾಧಿಯಾಗಿದ್ದರೆ ಅವಳನ್ನು ಕಾಯುತ್ತಲೂ ಇರಲಿಲ್ಲ. ಅವಳ ಬಗೆಗೆ ನಾನು ಈಗಲೂ ಏನನ್ನೂ ಖಚಿತವಾಗಿ ಹೇಳಲಾರದಂತೆ ಮಾಡಿಕೊಂಡವನು ನಾನೇ.

ಕಠಿಣ ಕಾಯಿದೆಗಳು ಬಂದಿವೆ. ರಾಜಸ್ಥಾನ 2022ರಲ್ಲಿ, ನಮ್ಮ ರಾಜ್ಯ 2023ರಲ್ಲಿ, ಕೇಂದ್ರ ಸರ್ಕಾರ 2024ರಲ್ಲಿ ಪರೀಕ್ಷಾ ಅಕ್ರಮಗಳನ್ನು ಕುರಿತ ಶಾಸನಗಳನ್ನು ತಂದವು. ಕೇಂದ್ರದ ಕಾಯಿದೆಯಲ್ಲಿ ಸಂಘಟಿತ ಅಪರಾಧಕ್ಕೆ ಐದರಿಂದ ಹತ್ತು ವರ್ಷ ಸೆರೆವಾಸ, ಕನಿಷ್ಠ ಒಂದು ಕೋಟಿ ರೂಪಾಯಿ ದಂಡ ಉಂಟು. ಸಾಮಾನ್ಯ ಅಭ್ಯರ್ಥಿಯನ್ನು ಆ ಶಿಕ್ಷೆಯಿಂದ ಹೊರಗಿಟ್ಟು ಪರೀಕ್ಷಾ ಸಂಸ್ಥೆಯ ನಿಯಮಗಳಿಗೇ ಬಿಟ್ಟಿರುವುದು ವಿವೇಕದ ಕೆಲಸವೆಂದು ನಾನು ಭಾವಿಸುತ್ತೇನೆ. ಕೋಟಿಗಳ ದಂಡ ಕೇಳಲು ಚೆನ್ನ. ಆದರೆ ಎಷ್ಟು ದೊಡ್ಡ ಶಿಕ್ಷೆಯಾದರೂ ಕೊಠಡಿಯಲ್ಲಿ ಬರೆದ ಸಣ್ಣ ಕಾಗದದ ಮೇಲೆಯೇ ನಿಲ್ಲಬೇಕಲ್ಲವೆ?

ನಾನು ಕೇಳುವುದು ಹೆಚ್ಚೇನಲ್ಲ. ಉತ್ತರ ಹಾಳೆಯ ಪ್ರತಿಯೊಂದು ಅಭ್ಯರ್ಥಿಯ ಕೈಸೇರಬೇಕು. ಕೆಲವು ಪರೀಕ್ಷೆಗಳಲ್ಲಿ ಈ ಪದ್ಧತಿ ಈಗಾಗಲೇ ಉಂಟು. ಮೂಲ ಹಾಳೆಯನ್ನು ಇಷ್ಟು ತಿಂಗಳೆಂದು ಎಣಿಸಿ ಸುಡುವ ಬದಲು, ತಕರಾರು ನ್ಯಾಯಾಲಯದಲ್ಲಿರುವಷ್ಟು ಕಾಲ ಕಾಯ್ದಿಡಬೇಕು. ಅಕ್ರಮದ ವರದಿಯಲ್ಲಿ ವೇಳೆ, ದೊರೆತ ವಸ್ತುವಿನ ವರ್ಣನೆ, ಅಭ್ಯರ್ಥಿಯ ಸ್ವಹಸ್ತ ಹೇಳಿಕೆ, ಇನ್ನೊಬ್ಬ ಮೇಲ್ವಿಚಾರಕರ ಸಹಿ ಇರಬೇಕು. ಅದರದೊಂದು ನಕಲು ಅಭ್ಯರ್ಥಿಗೂ ಸಿಗಬೇಕು. ಮುದ್ರಿತ ನಮೂನೆಗಳು ಇಲ್ಲವೆಂದಲ್ಲ. ಮೂರು ಗಂಟೆಗೆ ಮನೆಗೆ ಹೊರಡುವ ಆತುರದಲ್ಲಿ ಅವನ್ನು ಹೇಗೆ ತುಂಬುತ್ತೇವೆಂಬುದು ಉಪಾಧ್ಯಾಯ ಮಿತ್ರರಿಗೆ ನನಗಿಂತ ಚೆನ್ನಾಗಿ ಗೊತ್ತು.

ನಮ್ಮ ಶಾಲೆಯನ್ನು ಪರೀಕ್ಷಾ ಕೇಂದ್ರವಾಗಿ ಕೊಡುವಾಗ ಆಡಳಿತ ಮಂಡಳಿಯವರು ಮೊದಲ ದಿನವೇ ಮೇಲ್ವಿಚಾರಕರನ್ನು ಒಂದು ಗಂಟೆ ಕೂರಿಸಿ ಈ ವರದಿ ಬರೆಯುವುದನ್ನು ಕಲಿಸಲಿ. ದಾನಿಗಳಲ್ಲಿ ಯಾರಾದರೂ ಈ ವರ್ಷ ಏನು ಕೊಡೋಣವೆಂದು ಯೋಚಿಸುತ್ತಿದ್ದರೆ, ಕೊಠಡಿಗೊಂದು ಗೋಡೆ ಗಡಿಯಾರವನ್ನೂ, ಎರಡು ಬೀಗದ ಕೈಗಳಿಂದ ಮಾತ್ರ ತೆರೆಯುವ ಕಬ್ಬಿಣದ ಬೀರುವೊಂದನ್ನೂ ಕೊಡಿಸಬಹುದು. ಒಂದು ಕೈ ಮುಖ್ಯೋಪಾಧ್ಯಾಯರಲ್ಲಿ, ಇನ್ನೊಂದು ಮುಖ್ಯ ಅಧೀಕ್ಷಕರಲ್ಲಿ ಇರಲಿ. ಚೀಟಿ ಸಿಕ್ಕರೆ ಅಂಟಿಸಲು ಪ್ರತಿ ಕೊಠಡಿಯ ಮೇಜಿನ ಮೇಲೆ ಒಂದು ಗೋಂದಿನ ಶೀಶೆಯನ್ನೂ ಇಡಿಸಿ.