ದೇಹಕ್ಕೂ ಬೇಕು ಒಂದು ಶಿಸ್ತು



ದಾಸೋಹದ ಸಾಲಿನಲ್ಲಿ ಈಗ ಬಹುತೇಕ ಮಠಗಳಲ್ಲಿ ಕಾಣುವ ಒಂದು ನೋಟವಿದೆ. ಎಲೆ ಹಾಕುವ ಹೊತ್ತಿಗೆ ಜೇಬಿನಿಂದಲೋ ಕೈಚೀಲದಿಂದಲೋ ಮಾತ್ರೆಗಳು ಹೊರಬರುತ್ತವೆ. ಸಕ್ಕರೆ ಕಾಯಿಲೆಗೆ ಒಂದು, ಬಿ.ಪಿ.ಗೆ ಒಂದು. ಮಾತ್ರೆ ನುಂಗಿದವರೇ ಸ್ವಲ್ಪ ಹೊತ್ತಿನಲ್ಲಿ ಪಾಯಸವನ್ನು ಎರಡನೆಯ ಸಲ ಹಾಕಿಸಿಕೊಳ್ಳುತ್ತಾರೆ. ಪಕ್ಕದವರು ಏನಾದರೂ ಅಂದರೆ ಉತ್ತರ ಸಿದ್ಧವಾಗಿರುತ್ತದೆ: “ಪ್ರಸಾದ ಅಲ್ವಾ, ಬೇಡ ಅನ್ನಬಾರದು.” ಬಡಿಸುವವರೂ ಕಡಿಮೆಯಿಲ್ಲ. ಕೈ ಅಡ್ಡ ಹಿಡಿದರೂ ಬಿಡದೆ ಬಡಿಸುತ್ತಾರೆ. ಇದನ್ನು ನಾವು ಪ್ರೀತಿ ಎಂದು ತಿಳಿದಿದ್ದೇವೆ. ಈ ಪ್ರೀತಿಯ ಬಗ್ಗೆ ಈ ಸಲ ಸ್ವಲ್ಪ ನಿಷ್ಠುರವಾಗಿಯೇ ಮಾತಾಡಬೇಕಾಗಿದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನದ ಲೆಕ್ಕದಂತೆ ಭಾರತದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಮಧುಮೇಹವಿದೆ. ಇನ್ನೂ 13 ಕೋಟಿ 60 ಲಕ್ಷ ಜನ ಅದರ ಹೊಸ್ತಿಲಲ್ಲಿ ನಿಂತಿದ್ದಾರೆ. 2024ರಲ್ಲಿ ಹೊರಬಂದ ಇನ್ನೊಂದು ಅಧ್ಯಯನ ಹೇಳುವಂತೆ ನಮ್ಮ ದೇಶದ ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಬೇಕಾದಷ್ಟು ಶರೀರಶ್ರಮವೇ ಇಲ್ಲ. ಇದು ಬೆಂಗಳೂರಿನವರ ರೋಗ, ಮಲೆನಾಡಿನ ಗಾಳಿ ನೀರಿಗೆ ಬರುವುದಿಲ್ಲ ಎಂದು ಸಮಾಧಾನಪಟ್ಟುಕೊಳ್ಳುವ ಹಾಗಿಲ್ಲ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಮನೆಯಿಂದ ಮನೆಗೆ ಗುಡ್ಡ ಹತ್ತಿಳಿದು ಹೋಗುತ್ತಿದ್ದ ಕಾಲವೊಂದಿತ್ತು. ಈಗ ಅಡಿಕೆ ತೋಟದ ತುದಿಯವರೆಗೂ ಬೈಕ್ ಹೋಗುತ್ತದೆ. ಮನೆಯಲ್ಲಿ ಭತ್ತ ಕುಟ್ಟುವವರಿಲ್ಲ, ರುಬ್ಬುವ ಕಲ್ಲು ಹಿತ್ತಲಿಗೆ ಸೇರಿದೆ. ಕೆಲಸ ಬದಲಾಯಿತು, ಊಟದ ಅಳತೆ ಮಾತ್ರ ಗದ್ದೆ ಉಳುತ್ತಿದ್ದ ಕಾಲದ್ದೇ ಉಳಿಯಿತು. ಕಾಯಿಲೆಯ ಬೇರು ಬಹಳಮಟ್ಟಿಗೆ ಇಲ್ಲಿದೆ.

ನಮ್ಮ ಧರ್ಮಕ್ಕೆ ಇದರಲ್ಲಿ ಹೇಳಲು ಏನೂ ಇಲ್ಲವೇ? ಬೇರೆ ಯಾರಿಗಿಂತ ಹೆಚ್ಚು ಇದೆ. ಕಾಯಕ ಎಂಬ ಮಾತಿನೊಳಗೇ ಕಾಯವಿದೆ. 12ನೇ ಶತಮಾನದ ಶರಣರ ಹೆಸರುಗಳನ್ನೇ ನೋಡಿ. ಮಡಿವಾಳ ಮಾಚಯ್ಯ ಬಟ್ಟೆ ಒಗೆದವರು, ಅಂಬಿಗರ ಚೌಡಯ್ಯ ದೋಣಿ ನಡೆಸಿದವರು, ನುಲಿಯ ಚಂದಯ್ಯ ಹಗ್ಗ ಹೊಸೆದವರು, ಮೋಳಿಗೆ ಮಾರಯ್ಯ ಕಟ್ಟಿಗೆ ಹೊರೆ ಹೊತ್ತವರು, ಮೇದಾರ ಕೇತಯ್ಯ ಬಿದಿರು ಸೀಳಿ ಬುಟ್ಟಿ ಹೆಣೆದವರು. ಇವರಿಗೆ ವ್ಯಾಯಾಮ ಮಾಡಿ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಬೆವರು ಅವರ ದಿನಚರಿಯಲ್ಲೇ ಇತ್ತು. ನಮ್ಮ ಕಾಯಕ ಕುರ್ಚಿಯ ಮೇಲೆ, ಅಂಗಡಿಯ ಗಲ್ಲಾದ ಮುಂದೆ, ಕಂಪ್ಯೂಟರಿನ ಎದುರು ನಡೆಯುತ್ತದೆ. ಅದರಲ್ಲಿ ತಪ್ಪಿಲ್ಲ. ಆದರೆ ಕಾಯಕದಿಂದ ಕಾಯ ಹೊರಟುಹೋಗಿದೆ ಎಂಬುದನ್ನು ಒಪ್ಪಿಕೊಂಡು, ಅದನ್ನು ದಿನಕ್ಕೆ ಅರ್ಧ ಗಂಟೆಯಾದರೂ ಮರಳಿ ತರಬೇಕಾಗಿದೆ.

ಪ್ರಸಾದದ ಮಾತಿಗೂ ಇದೇ ಉತ್ತರ. ಅಷ್ಟಾವರಣದಲ್ಲಿ ಪ್ರಸಾದವಿದೆ, ಷಟ್‌ಸ್ಥಲದಲ್ಲಿ ಪ್ರಸಾದಿಸ್ಥಲವೇ ಇದೆ. ಹೆಚ್ಚು ಉಂಡವನು ಪ್ರಸಾದಿ ಎಂದು ಯಾವ ಶರಣರೂ ಹೇಳಲಿಲ್ಲ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮನವರು, ಇಷ್ಟು ನಮಗೇಕೆ, ಹಿಂದಕ್ಕೆ ಸುರಿದು ಬನ್ನಿ ಎಂದು ಕಳುಹಿಸಿದ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಆ ಕಥೆಯನ್ನು ನಾವು ದುರಾಸೆಗೆ, ಲಂಚಕ್ಕೆ, ಆಸ್ತಿಗೆ ಅನ್ವಯಿಸಿ ಭಾಷಣ ಮಾಡುತ್ತೇವೆ. ನಮ್ಮ ಎಲೆಗೆ ಅನ್ವಯಿಸುವುದಿಲ್ಲ. ಪ್ರಸಾದವನ್ನು ಚೆಲ್ಲಬಾರದು ಎಂಬುದು ನಿಜ. ಹಾಗಾದರೆ ಮೊದಲೇ ಕಡಿಮೆ ಹಾಕಿಸಿಕೊಳ್ಳುವುದೇ ಅದಕ್ಕೆ ತೋರುವ ಗೌರವ. ಹೊಟ್ಟೆ ತುಂಬಿದ ಮೇಲೂ ತುಂಬುವುದು ಪ್ರಸಾದವನ್ನು ಇನ್ನೊಂದು ಜಾಗಕ್ಕೆ ಚೆಲ್ಲಿದಂತೆ.

ಇನ್ನು ಅಳತೆಯ ಮಾತು. ಕವಲೇದುರ್ಗದ ಸೀಮೆಯವರಿಗೆ ಅಳತೆಯನ್ನು ಹೊರಗಿನವರು ಕಲಿಸಬೇಕಾಗಿಲ್ಲ. 1645ರಿಂದ 1660ರವರೆಗೆ ಆಳಿದ ಕೆಳದಿಯ ಶಿವಪ್ಪ ನಾಯಕರ ‘ಶಿಸ್ತು’ ಇವತ್ತಿಗೂ ಜನರ ಬಾಯಲ್ಲಿದೆ. ಅವರು ಭೂಮಿಯನ್ನು ಮಣ್ಣು ಮತ್ತು ನೀರಿನ ಅನುಕೂಲ ನೋಡಿ ಐದು ತರಗತಿಗಳಾಗಿ ವಿಂಗಡಿಸಿ, ಬೆಳೆಯ ಮೂರನೆಯ ಒಂದು ಭಾಗದ ಲೆಕ್ಕದಲ್ಲಿ ಕಂದಾಯ ನಿಗದಿ ಮಾಡಿದರು. ಅದರ ಗುಣವನ್ನು ಗಮನಿಸಿ. ಮೊದಲು ಅಳೆದರು. ಆಮೇಲೆ ಭೂಮಿ ಹೊರಬಲ್ಲಷ್ಟೇ ವಿಧಿಸಿದರು. ಬಳಿಕ ಮನಬಂದಂತೆ ಬದಲಾಯಿಸಲಿಲ್ಲ. ಆರೋಗ್ಯಕ್ಕೆ ಬೇಕಾದ ಶಿಸ್ತೂ ಇಂಥದ್ದೇ. ನಾವು ಮಾಡುವುದು ತದ್ವಿರುದ್ಧ. ಅಳೆಯುವುದಿಲ್ಲ, ರಕ್ತಪರೀಕ್ಷೆಯ ಚೀಟಿ ನೋಡಿ ಗಾಬರಿಯಾದ ದಿನ ಅನ್ನ ಪೂರ್ತಿ ಬಿಡುತ್ತೇವೆ, ಮರುದಿನ ಐದು ಮೈಲಿ ನಡೆಯುತ್ತೇವೆ, ಮೂರನೇ ದಿನ ಮಂಡಿ ನೋವು, ನಾಲ್ಕನೇ ದಿನ ಹೋಳಿಗೆ. ತಿಥಿ ವಾರ ನೋಡಿ ಮಾಡುವ ಉಪವಾಸವನ್ನು ಬಿಟ್ಟ ಸಮಾಜ ನಾವು. ಈಗ ಮೊಬೈಲ್ ನೋಡಿ ಹೊಸ ಉಪವಾಸಗಳನ್ನು ಹಿಡಿಯುತ್ತಿದ್ದೇವೆ.

ಅಳತೆ ಎಲ್ಲಿಂದ ಶುರುವಾಗಬೇಕು? ಒಂದು ಟೇಪಿನಿಂದ. ಹೊಕ್ಕುಳ ಮಟ್ಟದ ಹೊಟ್ಟೆಯ ಸುತ್ತಳತೆ ನಮ್ಮ ದೇಶದ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಅದು ಎಚ್ಚರಿಕೆ. ಎರಡನೆಯದು ಉಪ್ಪು. ಒಬ್ಬರಿಗೆ ದಿನಕ್ಕೆ 5 ಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಾಲ್ಕು ಜನರ ಮನೆಗೆ 30 ದಿನಕ್ಕೆ 600 ಗ್ರಾಂ. ನಿಮ್ಮ ಮನೆಯಲ್ಲಿ ಒಂದು ಕಿಲೋ ಉಪ್ಪಿನ ಪೊಟ್ಟಣ ಎಷ್ಟು ದಿನಕ್ಕೆ ಮುಗಿಯುತ್ತದೆ ಎಂದು ಅದರ ಮೇಲೆ ತಾರೀಖು ಬರೆದಿಟ್ಟು ನೋಡಿ. ಅಪ್ಪೆಮಿಡಿ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬೇಕರಿಯ ಖಾರದ ತಿಂಡಿಗಳ ಉಪ್ಪು ಇದಕ್ಕೆ ಸೇರಬೇಕು.

ಊಟಕ್ಕೆ ಹೊಸ ಪದಾರ್ಥಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಸೂತ್ರಗಳ ಸಾರ ಇಷ್ಟು: ತಟ್ಟೆಯ ಅರ್ಧದಷ್ಟು ತರಕಾರಿ, ಸೊಪ್ಪು, ಹಣ್ಣು ಇರಲಿ, ಉಳಿದರ್ಧದಲ್ಲಿ ಧಾನ್ಯದ ಜೊತೆ ಬೇಳೆಕಾಳು, ಹಾಲು ಮೊಸರಿಗೂ ಜಾಗವಿರಲಿ. ನಮ್ಮ ತಟ್ಟೆಯಲ್ಲಿ ಮುಕ್ಕಾಲು ಪಾಲು ಬಿಳಿ ಅನ್ನ, ಪಲ್ಯ ಉಪ್ಪಿನಕಾಯಿಯಷ್ಟು. ಇದನ್ನು ತಿರುಗಿಸಿದರೆ ಸಾಕು. ಹಿತ್ತಲಲ್ಲಿ ಒಂದೆಲಗ, ದೊಡ್ಡಪತ್ರೆ, ಬಸಳೆ, ಹರಿವೆ ಇದೆ. ಬಾಳೆದಿಂಡು, ಹಲಸಿನಕಾಯಿ, ಕೆಸುವಿನ ಸೊಪ್ಪು ದುಡ್ಡು ಕೊಡದೆ ಸಿಗುತ್ತವೆ. ಮಾಂಸ ಮೊಟ್ಟೆ ತಿನ್ನದ ನಮಗೆ ಹುರುಳಿ, ಹೆಸರು, ಕಡಲೆ, ಶೇಂಗಾ, ಮಜ್ಜಿಗೆ ದಿನವೂ ಬೇಕು. ಹುರುಳಿಯನ್ನು ದನದ ಮೇವೆಂದು ಕಡೆಗಣಿಸಿ, ಅದಕ್ಕಿಂತ ಹತ್ತು ಪಟ್ಟು ಬೆಲೆಯ ಪ್ರೋಟೀನ್ ಪುಡಿ ತರುವುದು ಲೆಕ್ಕ ತಪ್ಪಿದ ವ್ಯವಹಾರ. ಅಕ್ಕಿಯನ್ನು ಬಿಡಲೇಬೇಕೆಂದಿಲ್ಲ, ಪಾಲಿಶ್ ಕಡಿಮೆಯಿರುವ ಕೆಂಪಕ್ಕಿ, ವಾರದಲ್ಲಿ ಕೆಲವು ದಿನ ರಾಗಿ, ನವಣೆ ಇರಲಿ. ಮೈದಾ ಮತ್ತು ಕರಿದದ್ದು ಹಬ್ಬಕ್ಕೆ ಮೀಸಲಾಗಲಿ. ಹಬ್ಬ ವಾರಕ್ಕೆ ಮೂರು ಬಾರಿ ಬಾರದಿರಲಿ.

ಮನೆಯ ಹೆಣ್ಣುಮಕ್ಕಳ ತಟ್ಟೆಯ ಬಗ್ಗೆ ಬೇರೆಯಾಗಿಯೇ ಹೇಳಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ರಕ್ತಹೀನತೆ ಕಂಡುಬಂದಿದೆ. ಎಲ್ಲರೂ ಉಂಡ ಮೇಲೆ ಉಳಿದ ಅನ್ನಕ್ಕೆ ತಿಳಿ ಸಾರು ಸುರಿದುಕೊಂಡು ಊಟ ಮುಗಿಸುವ ಪದ್ಧತಿ ಅನುಭವ ಮಂಟಪದ ವಾರಸುದಾರರೆಂದು ಹೇಳಿಕೊಳ್ಳುವ ಮನೆಗಳಲ್ಲೂ ಇದೆ. ಸಮಾನತೆಯನ್ನು ವೇದಿಕೆಯಲ್ಲಿ ಹೇಳಿ, ಕಾಳುಪಲ್ಯವನ್ನು ಗಂಡಸರ ತಟ್ಟೆಗೆ ಮುಗಿಸಿದರೆ ಅದು ಯಾವ ಸುಧಾರಣೆ? ಎಲ್ಲರೂ ಒಟ್ಟಿಗೆ ಕೂತು ಉಣ್ಣುವುದು ಇದಕ್ಕೆ ಸರಳ ಪರಿಹಾರ. ಮನೆಗೆಲಸವೇ ಅವರಿಗೆ ವ್ಯಾಯಾಮ ಎಂದು ತೀರ್ಪು ಕೊಡುವುದೂ ಬೇಡ. ಬೆಳಗಿನ ಅರ್ಧ ಗಂಟೆ ಅವರಿಗೂ ಸಿಗಬೇಕಾದರೆ ಒಲೆಯ ಮುಂದೆ ಗಂಡಸರು ನಿಲ್ಲಬೇಕಾಗುತ್ತದೆ.

ಶ್ರಮದ ಅಳತೆಯೂ ದೊಡ್ಡದಲ್ಲ. ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಿನ ನಡಿಗೆ, ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ಕೆಲಸ ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಅಂದರೆ ವಾರಕ್ಕೆ ಐದು ದಿನ, ದಿನಕ್ಕೆ ಅರ್ಧ ಗಂಟೆ. ಮಾತಾಡಲು ಬರಬೇಕು, ಹಾಡಲು ಉಸಿರು ಸಾಲಬಾರದು; ಅದೇ ಬಿರುಸಿನ ಗುರುತು. ಗರಡಿಯ ಬಸ್ಕಿ, ದಂಡ ಬಲಕ್ಕೆ ಸಾಕು. ವಯಸ್ಸಾದವರು ಗೋಡೆಗೆ ಕೈಕೊಟ್ಟು ತಳ್ಳಬಹುದು, ಕುರ್ಚಿಯಿಂದ ಕೈ ಊರದೆ ಹತ್ತು ಸಲ ಏಳಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಹೊರಗೆ ಕಾಲಿಡುವ ಹಾಗಿಲ್ಲ ಎನ್ನುವವರಿಗೆ ಒಂದು ಲೆಕ್ಕ: 15 ಮೀಟರ್ ಉದ್ದದ ಜಗಲಿಯಲ್ಲಿ ಹೋಗಿ ಬಂದರೆ 30 ಮೀಟರ್. ನೂರು ಸಲ ಹೋಗಿಬಂದರೆ 3 ಕಿಲೋಮೀಟರ್. ಮಲೆನಾಡಿನ ಜಗಲಿಗಳು ಬರೀ ಅಡಿಕೆ ಸುಲಿಯುವುದಕ್ಕೆ ಇರುವುದಲ್ಲ.

ಗೊತ್ತಿಲ್ಲದೆ ಯಾರೂ ನಿಲ್ಲಿಸುವುದಿಲ್ಲ, ಉತ್ಸಾಹ ಸೋರಿಹೋಗಿ ನಿಲ್ಲಿಸುತ್ತಾರೆ. ಸರ್ಕಾರಿ ಎಂಜಿನಿಯರುಗಳಿಗೆಲ್ಲ ತಿಳಿದ ಸತ್ಯವೊಂದಿದೆ: ಕೆರೆ ಕಟ್ಟುವುದಕ್ಕೆ ಹಣ, ಮೆರವಣಿಗೆ, ಉದ್ಘಾಟನೆ ಎಲ್ಲ ಸಿಗುತ್ತದೆ, ವರ್ಷವರ್ಷ ಹೂಳೆತ್ತುವುದಕ್ಕೆ, ಏರಿಯ ಗಿಡ ಕೀಳುವುದಕ್ಕೆ ಯಾರೂ ಸಿಗುವುದಿಲ್ಲ. ಕೆರೆ ಉಳಿಯುವುದು ಆ ಎರಡನೆಯ ಕೆಲಸದಿಂದ. ದೇಹವೂ ಹಾಗೆಯೇ. ಅದಕ್ಕೆ ಉತ್ಸಾಹವನ್ನು ಕಾಯಬಾರದು, ಹೊತ್ತನ್ನು ಗೊತ್ತುಮಾಡಬೇಕು. ಬೆಳಗ್ಗೆ ಇಷ್ಟಲಿಂಗ ಪೂಜೆಗೆ ಕೂರುವಾಗ ಇವತ್ತು ಮನಸ್ಸಿದೆಯೇ ಎಂದು ಕೇಳಿಕೊಳ್ಳುವುದಿಲ್ಲ. ಆ ನಿಯಮದ ಹಿಂದೆಯೋ ಮುಂದೆಯೋ ನಡಿಗೆಯನ್ನು ಕಟ್ಟಿಬಿಡಿ. ಮೊದಲ ವಾರ ಹತ್ತು ನಿಮಿಷ ಸಾಕು. ಒಂದು ದಿನ ತಪ್ಪಿದರೆ ಚಿಂತೆಯಿಲ್ಲ, ಎರಡನೆಯ ದಿನ ತಪ್ಪದಿರಲಿ. ಜೊತೆಗೊಬ್ಬರನ್ನು ಕಟ್ಟಿಕೊಳ್ಳಿ, ರಸ್ತೆಯ ತಿರುವಿನಲ್ಲಿ ಒಬ್ಬರು ಕಾಯುತ್ತಿದ್ದಾರೆಂದರೆ ಹಾಸಿಗೆ ಬಿಡುವುದು ಸುಲಭ. ಕವಲೇದುರ್ಗದ ಕೋಟೆಯ ಕಲ್ಲುಹಾಸಿನ ದಾರಿ ಕಲಿಸುವುದೂ ಇದನ್ನೇ. ಅಲ್ಲಿ ಒಂದೇ ಓಟದಲ್ಲಿ ತುದಿ ಮುಟ್ಟುವ ಹಾಗಿಲ್ಲ. ಒಂದು ಸುತ್ತು, ಒಂದು ಬಾಗಿಲು, ಮತ್ತೆ ಇನ್ನೊಂದು ಸುತ್ತು.

ಎರಡು ಎಚ್ಚರಿಕೆ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು, ಎದೆನೋವು, ಏದುಸಿರು ಇರುವವರು ಊಟ ಮತ್ತು ನಡಿಗೆಯನ್ನು ಬದಲಾಯಿಸುವ ಮೊದಲು ವೈದ್ಯರನ್ನು ಕೇಳಲೇಬೇಕು. ವ್ಯಾಯಾಮ ಶುರುವಾಯಿತೆಂದು ಮಾತ್ರೆ ಬಿಡಬಾರದು. ಇನ್ನೊಂದು, ದೇಹವನ್ನು ದಂಡಿಸುವುದೂ ಮೆರೆಸುವುದೂ ಶರಣಮಾರ್ಗವಲ್ಲ. ದೇಹವನ್ನು ವಜ್ರದಂತೆ ಗಟ್ಟಿಮಾಡಿಕೊಂಡ ಗೋರಕ್ಷನ ಅಭಿಮಾನವನ್ನು ಅಲ್ಲಮಪ್ರಭುಗಳು ಇಳಿಸಿದ ಪ್ರಸಂಗ ಶೂನ್ಯಸಂಪಾದನೆಯಲ್ಲಿದೆ. ಕನ್ನಡಿಯ ಮುಂದೆ ತೋಳು ತೋರಿಸುವುದಕ್ಕಲ್ಲ, ಕೊನೆಯವರೆಗೂ ನಮ್ಮ ಕಾಯಕವನ್ನು ನಾವೇ ಮಾಡಿಕೊಂಡು ಇನ್ನೊಬ್ಬರಿಗೆ ಒದಗುವುದಕ್ಕೆ ಈ ಆರೋಗ್ಯ.

ಮಠಗಳಲ್ಲಿ ಮತ್ತು ಬಸವ ಸಂಘಟನೆಗಳಲ್ಲಿ ನಮ್ಮ ವಿನಂತಿ ನಾಲ್ಕು. ದಾಸೋಹದಲ್ಲಿ ಮೊದಲು ಕೋಸಂಬರಿ, ಪಲ್ಯ, ಕಾಳು ಬಡಿಸಿ ಆಮೇಲೆ ಅನ್ನ ಬಡಿಸಲಿ. ಪಾಯಸ ಸಣ್ಣ ಬಟ್ಟಲಿನಲ್ಲಿ ಒಂದೇ ಸಲ ಬರಲಿ, ಒತ್ತಾಯದ ಬಡಿಕೆ ನಿಲ್ಲಲಿ. ಮಾಸಿಕ ಶಿವಾನುಭವಕ್ಕೆ ಬರುವವರು ಕೊನೆಯ ಎರಡು ಕಿಲೋಮೀಟರ್ ಒಟ್ಟಿಗೆ ನಡೆದು ಬರಲಿ. ಅಂದೇ ಸುತ್ತಳತೆ, ತೂಕ, ರಕ್ತದೊತ್ತಡ ನೋಡಿ ಒಂದು ಪುಸ್ತಕದಲ್ಲಿ ಬರೆದಿಡುವ ಏರ್ಪಾಡು ಆಗಲಿ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದವರನ್ನು ಕೇಳಿದರೆ ಇದು ಕಷ್ಟವಲ್ಲ. ದಾಸೋಹದ ಖರ್ಚು ಇದರಿಂದ ಹೆಚ್ಚೇನೂ ಏರುವುದಿಲ್ಲ. ಬದಲಾಗಬೇಕಾದದ್ದು ಬಡಿಸುವ ಕ್ರಮ.

ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಯವರು 1907ರಲ್ಲಿ ಹುಟ್ಟಿ 2019ರವರೆಗೆ, 111 ವರ್ಷ ಬಾಳಿದರು. ಸಾವಿರಾರು ಮಕ್ಕಳಿಗೆ ದಿನವೂ ಅನ್ನವಿಟ್ಟ ಅವರ ಸ್ವಂತ ಊಟ ಎಷ್ಟು ಮಿತವಾಗಿತ್ತು, ನಸುಕಿನಲ್ಲಿ ಶುರುವಾಗುತ್ತಿದ್ದ ಅವರ ದಿನ ಎಷ್ಟು ನಿಯಮಬದ್ಧವಾಗಿತ್ತು ಎಂಬುದನ್ನು ನಾಡೆಲ್ಲ ಬಲ್ಲದು. ಅವರನ್ನು ನಾವು ‘ನಡೆದಾಡುವ ದೇವರು’ ಎಂದು ಕರೆದೆವು. ದೇವರು ಎಂಬ ಮಾತನ್ನು ಭಕ್ತಿಯಿಂದ ಉಳಿಸಿಕೊಂಡಿದ್ದೇವೆ. ಅದರ ಹಿಂದಿನ ಮಾತನ್ನೂ ಉಳಿಸಿಕೊಳ್ಳೋಣ. ನಾಳೆ ಬೆಳಗ್ಗೆ ಹತ್ತು ನಿಮಿಷ ನಡೆಯೋಣ.