‘ರನ್’ ಅಂದ್ರೆ ಬರೀ ಓಡೋದಲ್ಲ!

ಗೆಳೆಯರೇ, ಈ ವಾರ ನಾನು ಮಾನ ಕಳಕೊಂಡ ಕಥೆ ಹೇಳ್ತೀನಿ. ನಗು ಬಂದ್ರೆ ನಗಿ, ಆದರೆ ಕೊನೇವರೆಗೂ ಓದಿ.

1978ನೇ ಇಸವಿ. ನಾನಾಗ ಪಿ.ಯು.ಸಿ. ಮುಗಿಸಿ ಊರಲ್ಲಿ ಅಪ್ಪನ ದಿನಸಿ ಅಂಗಡಿಯಲ್ಲಿ ಪೊಟ್ಟಣ ಕಟ್ಟುತ್ತಿದ್ದ ಹುಡುಗ. ಇಂಗ್ಲಿಷ್ ಬಂದ್ರೆ ಬೆಂಗಳೂರಲ್ಲಿ ಕೆಲಸ ಗ್ಯಾರಂಟಿ ಅಂತ ಯಾರೋ ಕಿವಿ ಊದಿದ್ದರು. ಸರಿ, ಡಿಕ್ಷನರಿ ಹಿಡಿದು ‘ಎ’ಯಿಂದಲೇ ಉರು ಹೊಡೆಯೋಕೆ ಕೂತೆ. ಅಬ್ಯಾಂಡನ್, ಅಬ್ಡಿಕೇಟ್, ಅಬಾಲಿಶ್... ದಿನಕ್ಕೆ 20 ಶಬ್ದ! ಗಿರಾಕಿ ಕಾಲು ಕೇಜಿ ಬೆಲ್ಲ ಕೇಳಿದರೂ ನನ್ನ ಬಾಯಲ್ಲಿ ‘ಅಬಾಲಿಶ್’!

ಬೆಂಗಳೂರಿಂದ ಇಂಟರ್‌ವ್ಯೂಗೆ ಕರೆ ಬಂತು. ಟೈ ಕಟ್ಟಿದ್ದ ಸಾಹೇಬರು ನನ್ನ ಅರ್ಜಿ ನೋಡಿ, ಅಪ್ಪನಿಗೆ ಅಂಗಡಿ ಇರೋದನ್ನು ಓದಿ, ಕೇಳಿದರು: “ಹೂ ರನ್ಸ್ ದ ಶಾಪ್?”

ರನ್ ಅಂದ್ರೆ ಓಡು. ಅಂಗಡಿಯಲ್ಲಿ ಯಾರಪ್ಪಾ ಓಡ್ತಾರೆ? ಧೈರ್ಯವಾಗಿ ಹೇಳಿಬಿಟ್ಟೆ: “ನೋಬಡಿ ರನ್ಸ್ ಸಾರ್. ಮೈ ಫಾದರ್ ಹ್ಯಾಸ್ ನೀ ಪೇನ್!”

ಪಕ್ಕದವರು ಬಾಯಿಗೆ ಕರ್ಚೀಫು ಅಡ್ಡ ಹಿಡಿದರು. ಕೆಲಸದ ಗತಿ ಏನಾಯ್ತು ಅಂತ ಬೇರೆ ಹೇಳಬೇಕೇ?

ರಾತ್ರಿ ಬಸ್ಸಿಗೆ ಇನ್ನೂ ಹೊತ್ತಿತ್ತು. ಸಪ್ಪೆ ಮೋರೆ ಹಾಕ್ಕೊಂಡು ಗಾಂಧಿನಗರದಲ್ಲಿ ಅಲೆಯುತ್ತಾ ಒಂದು ಥಿಯೇಟರ್ ಮುಂದೆ ನಿಂತೆ. ಪೋಸ್ಟರಿನ ಮೇಲೆ ಅಡ್ಡಡ್ಡ ಚೀಟಿ: ‘ಸಕ್ಸಸ್‌ಫುಲ್ಲಿ ರನ್ನಿಂಗ್’. ಕೆನ್ನೆಗೆ ಬಾರಿಸಿದ ಹಾಗಾಯ್ತು! ಈ ಶಬ್ದವನ್ನು ಪೋಸ್ಟರುಗಳಲ್ಲಿ ನೂರು ಸಲ ಓದಿದ್ದೆ. ‘ಪಿಕ್ಚರ್ ಚೆನ್ನಾಗಿ ಓಡ್ತಿದೆ’ ಅಂತ ನಾವೇ ಅನ್ನಲ್ವೇ? ಪಿಕ್ಚರಿಗೇನು ಕಾಲಿದೆಯೇ?

ಕನ್ನಡದಲ್ಲಿ ಪಿಕ್ಚರ್ ಓಡುತ್ತೆ, ಅಂಗಡಿ ನಡೆಯುತ್ತೆ, ನಲ್ಲಿಯಲ್ಲಿ ನೀರು ಹರಿಯುತ್ತೆ, ನೆಗಡಿಯಾದ್ರೆ ಮೂಗು ಸೋರುತ್ತೆ. ಇಂಗ್ಲಿಷಿನಲ್ಲಿ ಈ ನಾಲ್ಕೂ ಪಾತ್ರಕ್ಕೆ ಒಬ್ಬನೇ ಹೀರೋ, ರನ್! ಮನೇಲಿ ಸಕ್ಕರೆ ಮುಗಿದರೂ ಅವನೇ: ‘ವಿ ಹ್ಯಾವ್ ರನ್ ಔಟ್ ಆಫ್ ಶುಗರ್.’ ಕ್ರಿಕೆಟ್ಟಿನ ರನ್ ಔಟ್ ಬೇರೆ, ಇದು ಬೇರೆ.

ಊರಿಗೆ ಹೋದವನೇ ಡಿಕ್ಷನರಿಯ ಉರು ನಿಲ್ಲಿಸಿದೆ. 100 ಪುಟದ ನೋಟ್ ಬುಕ್ ತಂದೆ. ಪುಟಕ್ಕೊಂದೇ ಚಿಕ್ಕ ಶಬ್ದ, ಅದರ ಕೆಳಗೆ ಅರ್ಥ ಬರೆಯೋದಲ್ಲ, ವಾಕ್ಯ ಬರೆಯೋದು. ‘ಕ್ಯಾಚ್’ ಪುಟ ನೋಡಿ: ಕ್ಯಾಚ್ ದ ಬಸ್, ಬಸ್ ಹಿಡಿ. ಕ್ಯಾಚ್ ಎ ಕೋಲ್ಡ್, ನೆಗಡಿ ಹಿಡಿಸಿಕೊ. ಐ ಡಿಡ್ ನಾಟ್ ಕ್ಯಾಚ್ ದಟ್, ನೀವು ಹೇಳಿದ್ದು ಸರಿಯಾಗಿ ಕೇಳಿಸಲಿಲ್ಲ.

ಬರೆದದ್ದನ್ನು ಗಟ್ಟಿಯಾಗಿ ಹೇಳೋಕೆ ಮಾತ್ರ ನಾಚಿಕೆ. ಅದನ್ನು ಬಿಡಿಸಿದ್ದು ಆ ವರ್ಷದ್ದೇ ಚಿತ್ರ ‘ಆಪರೇಷನ್ ಡೈಮಂಡ್ ರಾಕೆಟ್’. ಚಿಕ್ಕಂದಿನಲ್ಲೇ ಶಾಲೆ ಬಿಟ್ಟ ಅಣ್ಣಾವ್ರು ಅದರಲ್ಲಿ ಒಂದು ಇಂಗ್ಲಿಷ್ ಹಾಡನ್ನೇ ತಮ್ಮ ದನಿಯಲ್ಲಿ ಹಾಡಿದ್ದಾರೆ! ಬೇಕಾದ್ದು ಸರ್ಟಿಫಿಕೇಟಲ್ಲ, ನಾಲಿಗೆಗೆ ರೂಢಿ ಅಂತ ಅವತ್ತು ಗೊತ್ತಾಯ್ತು. ಅಂಗಡಿ ಬಾಗಿಲು ಹಾಕಿದ ಮೇಲೆ ಅಕ್ಕಿ ಮೂಟೆಗಳ ಎದುರು ನಿಂತು ದಿನಾ ಹೇಳಿಕೊಂಡೆ.

ಎರಡು ವರ್ಷದ ಮೇಲೆ ಇನ್ನೊಂದು ಕಡೆ ಇಂಟರ್‌ವ್ಯೂ. ‘ಅಂಗಡಿ ಯಾರು ರನ್ ಮಾಡ್ತಾರೆ’ ಅಂತ ಕೇಳಲಿ ಅಂತ ಕಾದೆ, ಕೇಳಲಿಲ್ಲ. ಬೇರೇನೋ ಗಡಗಡ ಕೇಳಿದರು. ಹೆದರಲಿಲ್ಲ. “ಸಾರಿ ಸಾರ್, ಐ ಡಿಡ್ ನಾಟ್ ಕ್ಯಾಚ್ ದಟ್” ಅಂದೆ. ಸಾಹೇಬರು ನಿಧಾನವಾಗಿ ಮತ್ತೆ ಕೇಳಿದರು, ಉತ್ತರ ಕೊಟ್ಟೆ. ಕೆಲಸ ಸಿಕ್ಕಿತು!

ಈಗ ನಿಮ್ಮ ಸರದಿ. ಶೂಟಿಂಗಲ್ಲಿ ಡೈರೆಕ್ಟರು ‘ಟೇಕ್ ಓಕೆ’ ಅಂತಾರಲ್ಲ, ಆ ‘ಟೇಕ್’ಗೊಂದು ಪುಟ ತೆಗೀರಿ. ಟೀ, ಟೈಮು, ಚಪ್ಪಲಿ, ಫೋಟೋ, ವಿಮಾನ... ಐದಕ್ಕೂ ಅವನೇ ಹೀರೋ. ಐದು ವಾಕ್ಯ ಮಾಡಿ, ಗಟ್ಟಿಯಾಗಿ ಹೇಳಿ. ಮುಂದಿನ ವಾರ ಸಿಗೋಣ!