ಜಾಮೀನಿಲ್ಲದವನ ನ್ಯಾಯ

ಸಮಾಜದ ನಿಯಮಗಳನ್ನು ಗೊತ್ತುಮಾಡುವವರು, ಆ ಸಮಾಜದಲ್ಲಿ ತಾವು ಧನಿಕರಾಗುವೆವೋ ದರಿದ್ರರಾಗುವೆವೋ ಎಂಬುದನ್ನು ಅರಿಯದವರಂತೆ ಕುಳಿತು ಗೊತ್ತುಮಾಡಬೇಕು. ಹಾಗೆ ಎಲ್ಲರೂ ಒಪ್ಪುವ ನಿಯಮವೇ ನ್ಯಾಯವಾದುದೆಂದು ಅಮೆರಿಕದ ಜಾನ್ ರಾಲ್ಸ್ ಮಹಾಶಯರು 1971ರಲ್ಲಿ ಪ್ರತಿಪಾದಿಸಿದರು. ನಮ್ಮವರೇ ಆದ ಅಮರ್ತ್ಯ ಸೇನರು 2009ರಲ್ಲಿ ಇನ್ನೊಂದು ವಿವೇಕವನ್ನು ಮುಂದಿಟ್ಟರು. ನಿಯಮಗಳೂ ಸಂಸ್ಥೆಗಳೂ ಕ್ರಮವಾಗಿರುವುದು ನೀತಿ. ಜನರ ಬಾಳಿನಲ್ಲಿ ಅವು ನಿಜವಾಗಿ ಫಲಿಸುವುದು ನ್ಯಾಯ. ದೊಡ್ಡ ಮೀನು ಚಿಕ್ಕ ಮೀನನ್ನು ನುಂಗುವುದು ತಪ್ಪದಿದ್ದರೆ ನೀತಿಯಿದ್ದೂ ಪ್ರಯೋಜನವೇನು?

ಈ ಒರೆಗಲ್ಲಿಗೆ ನಮ್ಮ ಪ್ರಜಾರಾಜ್ಯದ ಸೆರೆಮನೆಗಳನ್ನು ಹಚ್ಚಿ ನೋಡೋಣ. ಸರಕಾರದ ಲೆಕ್ಕದಂತೆಯೇ, 2022ರ ಡಿಸೆಂಬರ್ 31ರಂದು ದೇಶದ ಸೆರೆಮನೆಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣೆ ಮುಗಿಯದವರು. ನಾಲ್ವರಲ್ಲಿ ಮೂವರ ಅಪರಾಧವು ಇನ್ನೂ ಸಿದ್ಧಪಟ್ಟಿರಲಿಲ್ಲ!

ನೀತಿಗೆ ನಮ್ಮಲ್ಲಿ ಬರಗಾಲವಿಲ್ಲ. ಬಡವರಿಗೆ ಉಚಿತ ಕಾನೂನು ನೆರವು ದೊರೆಯಬೇಕೆಂದು 1976ರಲ್ಲಿ ಸಂವಿಧಾನಕ್ಕೆ 39ಎ ವಿಧಿಯನ್ನು ಸೇರಿಸಲಾಯಿತು. ತಪ್ಪು ಸಿದ್ಧಪಟ್ಟಿದ್ದರೂ ಅನುಭವಿಸಬೇಕಾಗದಷ್ಟು ಕಾಲ ಬಿಹಾರದ ಸೆರೆಮನೆಗಳಲ್ಲಿ ಕೊಳೆಯುತ್ತಿದ್ದವರ ಸಂಗತಿಯು ಹುಸೈನಾರಾ ಖಾತೂನ್ ಮೊಕದ್ದಮೆಯಲ್ಲಿ ಬೆಳಕಿಗೆ ಬರಲು, ಶೀಘ್ರ ವಿಚಾರಣೆಯು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟು 1979ರಲ್ಲಿಯೇ ಸಾರಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಾದರೋ, ಹಿಂದೆಂದೂ ಶಿಕ್ಷೆಗೊಳಗಾಗದವನು ಗರಿಷ್ಠ ಶಿಕ್ಷೆಯ ಮೂರನೆಯ ಒಂದು ಪಾಲನ್ನು ಒಳಗೇ ಕಳೆದಿದ್ದರೆ, ಕೆಲವು ಅಪವಾದಗಳನ್ನುಳಿದು, ಅವನನ್ನು ಬಿಡತಕ್ಕದ್ದೆನ್ನುತ್ತದೆ; ಅದಕ್ಕಾಗಿ ಕೋರ್ಟಿಗೆ ಬರೆದುಕೊಳ್ಳುವ ಹೊಣೆಯನ್ನು ಸೆರೆಮನೆಯ ಸೂಪರಿಂಟೆಂಡೆಂಟರ ಮೇಲೆಯೇ ಹೊರಿಸಿದೆ.

ದುಷ್ಟರನ್ನು ಹೊರಗೆ ಬಿಟ್ಟರೆ ಪ್ರಜೆಗಳ ಗತಿಯೇನೆಂದು ಕೇಳುವವರುಂಟು. ಅಪಾಯಕಾರಿಯಾದವನನ್ನು ತಡೆದಿಡಬಾರದೆಂದು ನಾವು ಹೇಳುವುದಿಲ್ಲ. ಆದರೆ ಒಂದೇ ಆರೋಪವನ್ನು ಹೊತ್ತ ಇಬ್ಬರಲ್ಲಿ, ಜಮೀನುಳ್ಳ ಬಂಧುವಿನ ಜಾಮೀನು ದೊರೆತವನು ಮನೆ ಸೇರಿ, ಕೂಲಿಯವನು ಮಾತ್ರ ಒಳಗುಳಿದರೆ, ಅಲ್ಲಿ ಅಪಾಯವನ್ನು ತೂಗಿದವರಾರು? ಆಸ್ತಿಯನ್ನು ತೂಗಿದಂತಾಯಿತು. ಅವನ ದುಡಿಮೆಯನ್ನೇ ನಂಬಿದ ಸಂಸಾರವೂ ಅವನೊಡನೆ ಶಿಕ್ಷೆಯನ್ನು ಅನುಭವಿಸುತ್ತದೆ. ನಿರ್ದೋಷಿಯೆಂದು ತೀರ್ಪಾದ ದಿನ ಕಳೆದುಹೋದ ವರ್ಷಗಳನ್ನು ತಂದುಕೊಡುವವರು ಯಾರೂ ಇಲ್ಲ.

ಹೊಸ ಶಾಸನವನ್ನು ನಾವು ಬೇಡುತ್ತಿಲ್ಲ. ಇರುವುದನ್ನು ನಡೆಸಿದರೆ ಸಾಕು. ಅವಧಿ ತುಂಬಿದ ಬಂದಿಯ ಕಾಗದವು ಅಂದೇ ಕೋರ್ಟಿಗೆ ಹೋಗಲಿ. ಜಾಮೀನುದಾರರಿಲ್ಲದ ಬಡವನನ್ನು ಅವನ ಸ್ವಂತ ಮುಚ್ಚಳಿಕೆಯ ಮೇಲೆ ಬಿಡುವುದು ವಾಡಿಕೆಯಾಗಲಿ. ಕಡತಕ್ಕೆ ಕೈಹಾಕುವ ಪ್ರತಿಯೊಬ್ಬ ಅಧಿಕಾರಿಯೂ, ನಾಳೆ ತನಗೆ ದೊರೆಯುವುದು ಕಛೇರಿಯ ಕುರ್ಚಿಯೋ ಸೆರೆಮನೆಯ ಚಾಪೆಯೋ ಎಂಬುದನ್ನು ಅರಿಯದವನಂತೆ ಒಮ್ಮೆ ಯೋಚಿಸಲಿ. ಹಾಗೆ ಯೋಚಿಸಿದವನ ಮೇಜಿನ ಮೇಲೆ ಕಡತವು ಮರುದಿನದವರೆಗೆ ಉಳಿಯಲಾರದೆಂದು ನಮ್ಮ ನಂಬಿಕೆ.